ಒಂದು ಚಿಟಿಕೆ ನೀಲಿ

ಕೊಡೇರಿಯ ದಡದಲ್ಲಿ ದೋಣಿಗೆ ಬಣ್ಣ ಬಳಿಯುವವರು ಬೇಕಾದಷ್ಟು ಜನ ಇದ್ದಾರೆ. ಬಣ್ಣ ಕಲಸುವವನು ಮಾತ್ರ ಒಬ್ಬನೇ, ದೇವು. ಅರವತ್ತೆರಡರ ಈ ಮನುಷ್ಯ ಡಬ್ಬಿಯ ಮುಂದೆ ಕೋಲು ಹಿಡಿದು ಕೂತನೆಂದರೆ ಪಕ್ಕದಲ್ಲಿ ನಿಂತವರು ಮಾತಾಡಬಾರದು, ಬೀಡಿ ಸೇದಬಾರದು, ಮುಖ್ಯವಾಗಿ ಸಲಹೆ ಕೊಡಬಾರದು. ಅಂಥ ಗತ್ತು. ಗತ್ತಿಗೆ ಕಾರಣವೂ ಇತ್ತೆನ್ನಿ. ನಮ್ಮ ದಡದಲ್ಲಿ ಹೆಸರು ಓದಿ ಯಾರೂ ದೋಣಿಯ ಗುರುತು ಹಿಡಿಯುವುದಿಲ್ಲ. ಹೆಸರು ಓದುವಷ್ಟು ಹತ್ತಿರ ಬರುವ ಹೊತ್ತಿಗೆ ಮೀನು ಬೇರೆಯವರ ಬುಟ್ಟಿ ಸೇರಿರುತ್ತದೆ. ದೂರದಲ್ಲಿ ಹಸಿರಿನ ಮೇಲೆ ಎರಡು ಬಿಳಿ ಪಟ್ಟಿ ಕಂಡರೆ ಶೇಖರನ ದೋಣಿ, ಹಳದಿಗೆ ಕೆಂಪು ಮೂತಿಯಾದರೆ ನಾಗನದ್ದು. ಹೀಗೆ ಬಣ್ಣ ನೋಡಿಯೇ ಹೆಂಗಸರು ಬುಟ್ಟಿ ಎತ್ತಿಕೊಂಡು ನೀರಿನಂಚಿಗೆ ಓಡುವುದು.

ದೇವುವಿನ ಹೆಮ್ಮೆಯೆಲ್ಲ ಅವನ ಬಿಳಿಯಲ್ಲಿತ್ತು. ಗೋಡೆಯ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿದರೆ ಇನ್ನೂ ಬೆಳ್ಳಗೆ ಕಾಣುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ದೇವು ದೋಣಿಯ ಬಿಳಿಗೂ ಅದನ್ನೇ ಮಾಡುತ್ತಿದ್ದ. ಆದರೆ ನಾಲ್ಕೈದು ವರ್ಷದಿಂದ ಡಬ್ಬಿಯ ಬಿಳಿ ಅವನಿಗೆ ಬಿಳಿಯಾಗಿ ಕಾಣುತ್ತಿರಲಿಲ್ಲ, ಹಳೆ ಪೇಪರಿನ ಹಾಗೆ ಹಳದಿ ಹೊಡೆಯುತ್ತಿತ್ತು. ಬಣ್ಣ ಮಾಡುವವರು ಈಚೆಗೆ ಮೋಸ ಕಲಿತಿದ್ದಾರೆ ಎಂದುಕೊಂಡ. ಒಂದು ಚಿಟಿಕೆ ಎರಡಾಯಿತು, ಎರಡು ಹೋಗಿ ಮುಷ್ಟಿಯಾಯಿತು. ನೀಲಿ ಹೆಚ್ಚಾಗಿ ಹಸಿರು ಹೊಡೆದಂತೆ ಕಂಡರೆ ಅದನ್ನು ಹದಕ್ಕೆ ತರಲು ಒಂದಷ್ಟು ಕೆಂಪು. ಆಗ ಅವನ ಕಣ್ಣಿಗೆ ಅದು ಹಾಲಿನಂಥ ಬಿಳಿ.

ಇದು ಕಣ್ಣಿನ ತೊಂದರೆ ಇರಬಹುದೇ ಎಂಬ ಯೋಚನೆ ಅವನಿಗೆ ಬಂದದ್ದೇ ಇಲ್ಲವೆಂದಲ್ಲ. ಬಂದಾಗಲೆಲ್ಲ ಓಡಿಸಿದ. ಕಣ್ಣು ಕಾಣದವನ ಕೈಗೆ ಯಾರಾದರೂ ದೋಣಿ ಕೊಡುತ್ತಾರೆಯೇ? ಬೆಳಗಾದರೆ ದಡಕ್ಕೆ ಹೋಗದೆ ಮನೆಯ ಜಗಲಿಯಲ್ಲಿ ಕೂತಿರುವುದನ್ನು ನೆನೆಸಿಕೊಂಡರೆ ಅವನಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಹಾಗಾಗಿ ಹೆಂಡತಿ ರತ್ನಳಿಗೂ ಹೇಳದೆ ಗುಟ್ಟಾಗಿಟ್ಟ.

ಈ ಗುಟ್ಟು ರಟ್ಟಾಗುವ ಹಂತಕ್ಕೆ ಬಂದದ್ದು ಹೋದ ವರ್ಷ, ಮೀನುಗಾರಿಕೆ ಶುರುವಾಗುವ ಮುಂಚೆ ಶೇಖರನ ದೋಣಿಗೆ ಬಣ್ಣ ಹೊಡೆದಾಗ. ಅದುವರೆಗೆ ದೋಣಿಗಳ ಬಿಳಿ ಒಂಚೂರು ನೀಲಿಗಟ್ಟಿದರೂ ಅವನ ಗತ್ತಿಗೆ ಹೆದರಿ ಯಾರೂ ಕೇಳಿರಲಿಲ್ಲ. ಶೇಖರ ದೋಣಿಯನ್ನು ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ.

"ದೇವಣ್ಣ, ಇದೆಂತ ಬಣ್ಣ?"

"ಎಂತ ಬಣ್ಣ ಅಂದ್ರೆ? ಹಸ್ರಿಗೆ ಬಿಳಿ ಪಟ್ಟಿ. ನಿನ್ನ ಅಪ್ಪಯ್ಯನ ಕಾಲದ್ದ್."

"ನಂಗೆ ನೇರಳೆ ಹಣ್ಣ್ ತಿಂದ ನಾಲ್ಗಿ ಕಂಡ್ಹಾಂಗ್ ಆತ್ತ್ ಮಾರಾಯ್ರೆ."

"ಹೊಸ ಬಣ್ಣ ಅಲ್ದಾ. ಎರಡ್ ಬಿಸ್ಲ್ ತಾಗ್ಲಿ, ಸಮ ಆತ್ತ್," ಎಂದು ದೇವು ಡಬ್ಬಿ ಮುಚ್ಚಿದ.

ಎರಡಲ್ಲ, ಇಪ್ಪತ್ತು ಬಿಸಿಲು ತಾಗಿದರೂ ಸಮ ಆಗಲಿಲ್ಲ. ಮೊದಲ ದಿನ ಶೇಖರನ ದೋಣಿ ಬಂಗುಡೆ ತುಂಬಿಕೊಂಡು ಬಂದಾಗ ದಡದಲ್ಲಿದ್ದ ಹೆಂಗಸರಲ್ಲಿ ಒಬ್ಬರೂ ಬುಟ್ಟಿ ಎತ್ತಲಿಲ್ಲ. ಯಾರೋ ಪರ ಊರಿನವರು ದಾರಿ ತಪ್ಪಿ ಬಂದಿದ್ದಾರೆ ಎಂದು ಸೆರಗು ಹಣೆಗೆ ಹಿಡಿದು ನೋಡುತ್ತಾ ನಿಂತರು. ಅವರಿಗೆ ಗುರುತು ಸಿಗುವ ಹೊತ್ತಿಗೆ ಕಾಗೆಗಳಿಗೆ ಮೀನು ಸಿಕ್ಕಿಯಾಗಿತ್ತು. ಬರುವ ವರ್ಷ ದೋಣಿಯನ್ನು ಗಂಗೊಳ್ಳಿಯ ಬಣ್ಣದವನಿಗೆ ಕೊಡುವುದೆಂದು ಶೇಖರ ದಡದಲ್ಲೇ ನಿಂತು ಹೇಳಿದ. ದೇವುವಿನ ಪಕ್ಕದ ಮನೆಯ ಮೀನು ಮಾರುವ ವನಜ ಮಾತ್ರ ನಗುತ್ತಾ, "ರತ್ನಕ್ಕನ ಬಣ್ಣದ ಮರ್ಲ್ ನಿಮ್ಗೂ ಅಂಟ್ತಾ ದೇವಣ್ಣ?" ಎಂದಳು. ರತ್ನಳ ಸೀರೆಯ ವಿಷಯವಿರಬೇಕು ಎಂದುಕೊಂಡು ದೇವು ಅದನ್ನು ಅಲ್ಲಿಗೇ ಬಿಟ್ಟ. ಗಂಗೊಳ್ಳಿಯವನ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹೀಗೆ ಮಾನ ಹೋಗುವ ಹೊತ್ತಿನಲ್ಲಿ ಸಿನಿಮಾದವರು ಬಂದರು.

ಕಡಲ ನಡುವೆ ಒಂದು ಕನಸಿನ ದ್ವೀಪ, ಅಲ್ಲಿ ಯಾವಾಗಲೂ ಮುಸ್ಸಂಜೆ, ಕಾಲಿಟ್ಟವನಿಗೆ ತನ್ನ ಮನೆ ಮರೆತುಹೋಗುತ್ತದೆ. ಇದು ಕತೆ. ಆ ದ್ವೀಪಕ್ಕಾಗಿ ಬಿಜೂರಿನಲ್ಲಿ ಒಂದು ತೆಂಗಿನ ತೋಟ ಹಿಡಿದು ಅರಮನೆ ಕಟ್ಟುತ್ತಿದ್ದರು. ಯಾವ ಗೋಡೆ ಯಾವ ಬಣ್ಣ, ಯಾವ ಮರದ ನೆರಳು ಎಷ್ಟು ಕಪ್ಪು ಎಂದು ತೀರ್ಮಾನಿಸುವ ಕಲಾ ನಿರ್ದೇಶಕಿ ಶರಣ್ಯಾ. ಹುಟ್ಟಿದ್ದು ಬ್ರಹ್ಮಾವರದಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಕನ್ನಡವನ್ನು ಇಸ್ತ್ರಿ ಮಾಡಿದ ಹಾಗೆ ಮಾತಾಡುತ್ತಿದ್ದಳು. ದೋಣಿ ನೋಡಲು ಕೊಡೇರಿಗೆ ಬಂದವಳು ಶೇಖರನ ದೋಣಿಯ ಮುಂದೆ ಕಾಲು ಕಿತ್ತಿಡದೆ ನಿಂತುಬಿಟ್ಟಳು.

"ಈ ಬಣ್ಣ ಯಾರು ಮಾಡಿದ್ದು?"

ಶೇಖರ ಕಳ್ಳನನ್ನು ಹಿಡಿದುಕೊಡುವವನ ಹಾಗೆ ದೇವುವಿನ ಕಡೆ ಕೈ ತೋರಿಸಿದ.

"ಹೇಗೆ ಮಾಡಿದಿರಿ ಇದನ್ನು?"

"ಬಿಳಿಗೆ ಒಂದ್ ಚಿಟ್ಕಿ ನೀಲಿ. ಅಷ್ಟೆ," ಎಂದ ದೇವು.

ಶರಣ್ಯಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕಂಪ್ಯೂಟರಿನಲ್ಲಿ ಮಾಡಿಸಿದ ಹದಿನೆಂಟು ಮಾದರಿ ತನ್ನ ಹತ್ತಿರ ಇವೆ, ಒಂದೂ ಕಣ್ಣಿಗೆ ತಾಗುವುದಿಲ್ಲ, ನಾಳೆಯಿಂದ ನೀವು ಬಿಜೂರಿಗೆ ಬನ್ನಿ ಎಂದಳು. ದೇವು ಶೇಖರನ ಕಡೆ ತಿರುಗಿ ಒಂದು ನೋಟ ಕೊಟ್ಟ. ಆ ನೋಟವನ್ನು ಶೇಖರ ತುಂಬ ದಿನ ಮರೆಯಲಿಲ್ಲ.

ಬಿಜೂರಿನಲ್ಲಿ ದೇವುವಿಗೆ ಎರಡು ಏಣಿ, ಒಂದು ಕುರ್ಚಿ ಮತ್ತು ಕೇಳಿದಾಗಲೆಲ್ಲ ಚಾ. ಶರಣ್ಯಾ ವಿವರಿಸುತ್ತಿದ್ದಳು. "ಕನಸಿನಲ್ಲಿ ಅಚ್ಚ ಬಿಳಿ ಇರಬಾರದು ದೇವಣ್ಣ, ಅಚ್ಚ ಕಪ್ಪೂ ಇರಬಾರದು. ನೆರಳಿಗೂ ಬಣ್ಣ ಇರಬೇಕು. ನೋಡಿದವರಿಗೆ ಇದು ಎಲ್ಲೋ ಕಂಡ ಜಾಗ ಅನ್ನಿಸಬೇಕು, ಎಲ್ಲಿ ಎಂದು ಮಾತ್ರ ನೆನಪಾಗಬಾರದು."

"ಅದೇ ಮತ್ತೆ," ಎಂದು ದೇವು ತಲೆಯಾಡಿಸುತ್ತಿದ್ದ. ಅವನ ಲೆಕ್ಕದಲ್ಲಿ ಅವನು ಅರಮನೆಗೆ ಬಿಳಿ ಹೊಡೆಯುತ್ತಿದ್ದ, ಬಾಗಿಲಿಗೆ ಹಸಿರು ಹೊಡೆಯುತ್ತಿದ್ದ. ಇಷ್ಟಕ್ಕೆ ಇವರು ಯಾಕೆ ಕಣ್ಣೀರು ಹಾಕುವಷ್ಟು ಖುಷಿಪಡುತ್ತಾರೆ ಎಂಬುದು ತಿಳಿಯಲಿಲ್ಲ. ಆದರೂ ಹೊಗಳಿಕೆ ಬೇಡ ಎನ್ನಲು ಅವನಿಗೇನು ಹುಚ್ಚೇ? ಗೋಡೆ ತಿಳಿ ನೇರಳೆಯಾಗಿ, ಬಾಗಿಲು ನವಿಲಿನ ಕತ್ತಿನ ಬಣ್ಣವಾಗಿ, ತೆಂಗಿನ ಬುಡಗಳು ಬೀಟ್ರೂಟ್ ಪಲ್ಯದ ಹಾಗಾಗಿ, ಬಿಜೂರಿನ ಜನ ದಾರಿಯಲ್ಲಿ ಸೈಕಲ್ ನಿಲ್ಲಿಸಿ ನೋಡತೊಡಗಿದರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಆ ಬೊಂಬೆ ಇಲ್ಲದಿದ್ದರೆ. ಅರಮನೆಯ ಬಾಗಿಲಿಗೆ ಕೊಡ ಹಿಡಿದ ಅಪ್ಸರೆಯ ಫೈಬರ್ ಬೊಂಬೆಯೊಂದನ್ನು ತಂದು ನಿಲ್ಲಿಸಿದ್ದರು. ದೇವು ಅದರ ಮುಂದೆ ನಿಂತು ಹತ್ತು ನಿಮಿಷ ಬಂಗುಡೆಯ ರೇಟು ವಿಚಾರಿಸಿದ. ಬುಟ್ಟಿ ಹಿಡಿದ ವನಜ ಎಂದು ಅವನ ಎಣಿಕೆ. ಉತ್ತರ ಬರದಿದ್ದಾಗ, "ಸಿನಿಮಾ ಕಾಂಬುಕೆ ಬಂದ್ಕೂಡ್ಲೆ ಇಷ್ಟ್ ಸೊಕ್ಕಾ ನಿಂಗೆ?" ಎಂದು ರೇಗಿದ. ಶೂಟಿಂಗ್ ನೋಡಲು ನಿಜವಾಗಿಯೂ ಬಂದಿದ್ದ ವನಜ ಅವನ ಬೆನ್ನ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಳು. ಸುದ್ದಿ ಹಂಚುವುದರಲ್ಲಿ ವನಜಳದು ಧಾರಾಳ ಕೈ. ಸಂಜೆಯೊಳಗೆ ರತ್ನಳಿಗೆ ಮುಟ್ಟಿತು.

ರತ್ನ ಗಲಾಟೆ ಮಾಡಲಿಲ್ಲ. "ಹ್ವಾಯ್, ನಾಳೆ ಕುಂದಾಪ್ರಕ್ಕೆ ಹೋಪ. ನಂಗೆ ಕಣ್ಣ್ ತೋರ್ಸುಕಿತ್ತ್," ಎಂದಳು. ಹೆಂಡತಿಗೆ ಜೊತೆಯಾಗಿ ಹೋದ ದೇವು ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಒಳಗಿನಿಂದ ಕರೆದದ್ದು ಅವನ ಹೆಸರನ್ನು. ಎದ್ದು ಓಡೋಣವೆಂದರೆ ರತ್ನ ಅವನ ಚಪ್ಪಲಿಯನ್ನು ಆಗಲೇ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಎರಡೂ ಕಣ್ಣಿಗೆ ಪೊರೆ ಬಂದು ಗಟ್ಟಿಯಾಗಿದೆ, ಎಡಗಣ್ಣು ಈಗ ಮಾಡುತ್ತೇವೆ, ಬಲಗಣ್ಣು ಒಂದು ತಿಂಗಳ ಮೇಲೆ ಎಂದರು ಡಾಕ್ಟರು. ಬಿಜೂರಿನಲ್ಲಿ ಆಗ ಬಡಗಿಗಳ ಕೆಲಸ ನಡೆಯುತ್ತಿದ್ದದ್ದರಿಂದ ಎರಡು ವಾರ ದೇವು ಬರದಿದ್ದರೂ ನಡೆಯುತ್ತಿತ್ತು. ಎಡಗಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ಮೇಲೆ ಬಸ್ಸಿನಲ್ಲಿ ಮನೆಗೆ ಬರುವಾಗ ಮರವಂತೆಯ ಹತ್ತಿರ ದೇವು ಕಿಟಕಿಯ ಹೊರಗೆ ನೋಡಿದವನೇ ಸೀಟಿನಿಂದ ಅರ್ಧ ಎದ್ದುಬಿಟ್ಟ.

"ಇದಕ್ಕೆ ಇಷ್ಟ್ ನೀಲಿ ಯಾರ್ ಹೊಯ್ದದ್ದ್?"

"ಕಡ್ಲ್ ಅದ್. ಕೂಕಣಿ," ಎಂದು ರತ್ನ ಅಂಗಿ ಹಿಡಿದು ಕೂರಿಸಿದಳು.

ಹುಟ್ಟಿದಾಗಿನಿಂದ ಕಂಡ ಕಡಲು. ಅದರ ನೀಲಿಯೇ ಮರೆತುಹೋಗಿತ್ತಲ್ಲ ಎಂದು ದೇವುವಿಗೆ ಕಣ್ಣು ತುಂಬಿ ಬಂತು. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಅದನ್ನೂ ತಡೆದುಕೊಂಡ.

ಮನೆಗೆ ಬಂದು ನೀರು ಕುಡಿಯಲು ಅಡುಗೆಮನೆಗೆ ಹೋದ. ಹೊಸ್ತಿಲಲ್ಲೇ ನಿಂತ. ನಾಲ್ಕು ವರ್ಷದ ಹಿಂದೆ ರತ್ನ ಕೇಳಿದಳೆಂದು ತನ್ನ ಕೈಯಾರೆ ಬಿಳಿ ಸುಣ್ಣ ಹೊಡೆದ ಗೋಡೆ ಈ ತುದಿಯಿಂದ ಆ ತುದಿಯವರೆಗೆ ನೇರಳೆಯಾಗಿತ್ತು. ಎಡಗಣ್ಣು ಮುಚ್ಚಿದ, ಬಿಳಿ. ತೆರೆದ, ನೇರಳೆ. ಮೂರು ಸಲ ಹೀಗೆ ಮಾಡಿದ. ರತ್ನ ಒಲೆಯ ಹತ್ತಿರ ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಯಾವಾಗಿಂದ ಹೀಂಗಿತ್ತ್ ಇದ್?"

"ನೀವ್ ಹೊಡದ್ ದಿನದಿಂದ."

"ನಂಗೆ ಒಂದ್ ಮಾತ್ ಹೇಳುಕಾತಿಲ್ಯಾ?"

"ಹೊಡ್ದಾದ್ಮೇಲೆ ನೀವ್ ಇಲ್ಲೇ ನಿಂತ್ಕಂಡ್, ಹ್ಯಾಂಗಿತ್ತ್ ನನ್ನ ಬಿಳಿ ಅಂದ್ರಿ. ಆ ಮೋರಿ ಕಂಡ್ ಎಂತ ಹೇಳುದ್? ಚಂದ ಇತ್ತ್ ಅಂದೆ."

"ಮತ್ತೆ ಬಂದವ್ರೆಲ್ಲ ಕಂಡಿರ್ತ್ರಲೆ. ಅವ್ರಿಗೆ?"

"ನಾನೇ ಹೇಳಿ ಮಾಡ್ಸಿದ್ದ್ ಅಂದೆ. ನಂಗೆ ಈ ಬಣ್ಣ ಅಂದ್ರೆ ಜೀವ ಅಂದೆ." ರತ್ನ ಮೀನಿನ ತಲೆ ಬೇರೆ ಮಾಡಿದಳು. "ನಗಾಡ್ರ್. ನಗಾಡ್ಲಿ. ನಿಮ್ಗೆ ದೋಣಿ ಕೊಡುದ್ ನಿಲ್ಸ್‌ಲಿಲ್ಲ ಅಲ್ದಾ."

ವನಜ ಹೇಳಿದ ಬಣ್ಣದ ಮರುಳು ಯಾವುದೆಂದು ದೇವುವಿಗೆ ಈಗ ಅರ್ಥವಾಯಿತು. ಗುಟ್ಟು ತಾನೊಬ್ಬನೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಅವನಿಗಿಂತ ಚೆನ್ನಾಗಿ ಕಾದವಳು ಇಲ್ಲಿ ನೇರಳೆ ಗೋಡೆಯ ನಡುವೆ ನಾಲ್ಕು ವರ್ಷ ಅನ್ನ ಬೇಯಿಸಿದ್ದಳು, ಊರಿನ ಬಾಯಿಗೆ ತನ್ನ ಹೆಸರು ಕೊಟ್ಟು. ದೇವುವಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ನೀರು ಕುಡಿದು ಹೊರಗೆ ಬಂದ.

ಬಿಜೂರಿನಲ್ಲಿ ಹೊಸ ಗೋಳು ಕಾದಿತ್ತು. ಅರಮನೆಯ ಉಳಿದರ್ಧಕ್ಕೆ ದೇವು ಬಣ್ಣ ಕಲಸಿದರೆ ಒಳ್ಳೆಯ ಅಚ್ಚ ಬಿಳಿ ಬಂತು. ಶರಣ್ಯಾ ಅದನ್ನು ನೋಡಿ, "ಇದೇನು ದೇವಣ್ಣ, ಆಸ್ಪತ್ರೆ ಕಂಡ ಹಾಗಿದೆ," ಎಂದಳು. ಬೇಕೆಂದೇ ನೀಲಿ ಸುರಿದರೆ ಅದು ಬರೀ ನೀಲಿ. ಆ ಮಸುಕು, ಆ ಮುಸ್ಸಂಜೆ ಬರಲೇ ಇಲ್ಲ. ಕೊನೆಗೆ ದೇವು ಹೆಗಲ ಬೈರಾಸನ್ನು ಎಡಗಣ್ಣಿಗೆ ಅಡ್ಡ ಕಟ್ಟಿಕೊಂಡು, ಪೊರೆ ಇದ್ದ ಬಲಗಣ್ಣಿನಿಂದ ನೋಡುತ್ತಾ ಕಲಸಿದ. ಬಂತು.

ಅದನ್ನು ಕಂಡ ಶರಣ್ಯಾಳ ಹುಡುಗರು ಇದೇನೋ ಹಳಬರ ವಿದ್ಯೆ ಎಂದು ತಿಳಿದರು. ಮಾರನೆಯ ದಿನ ನೋಡಿದರೆ ಐದು ಜನ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಮುಂದೆ ನಿಂತಿದ್ದರು. ಒಬ್ಬನಂತೂ ಹಾಗೇ ಏಣಿ ಹತ್ತಲು ಹೋಗಿ, ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದೆ ಬಣ್ಣದ ಟಬ್ಬಿನಲ್ಲಿ ಕೂತ. ದೇವುವಿಗೆ ನಗು ಬಂದರೂ ನಗಲಾಗಲಿಲ್ಲ. ಬಲಗಣ್ಣಿನ ಆಪರೇಷನ್ನಿಗೆ ಇನ್ನು ಆರು ದಿನ ಉಳಿದಿತ್ತು. ಅದೂ ಆಗಿಬಿಟ್ಟರೆ ಕನಸಿನ ದ್ವೀಪ ಅರ್ಧಕ್ಕೆ ನಿಲ್ಲುತ್ತದೆ.

ಸುಳ್ಳಿನ ಮೇಲೆ ಸುಳ್ಳು ಕಟ್ಟಿ ಸಾಕಾಗಿತ್ತು. ಶರಣ್ಯಾಳನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟ. ಅವಳು ಅರ್ಧ ಬಣ್ಣ ಕಂಡ ಅರಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, ಆ ಕಣ್ಣನ್ನು ಒಂದೇ ಒಂದು ತಿಂಗಳು ಮುಂದೆ ಹಾಕಲು ಸಾಧ್ಯವೇ ಎಂದು ಕೇಳಿದಳು. ಆಗಲಿ ಎನ್ನುವ ಮಾತು ದೇವುವಿನ ನಾಲಿಗೆಯ ತುದಿಗೆ ಬಂದಿತ್ತು. ಶೇಖರನಿಗೆ ಕೊಟ್ಟ ಆ ನೋಟವೆಲ್ಲ ಈ ಮಬ್ಬುಗಣ್ಣಿನ ಮೇಲೆಯೇ ನಿಂತಿತ್ತಲ್ಲ. "ರತ್ನನ್ನ ಕೇಣಿ," ಎಂದ.

ಮರುದಿನ ಶರಣ್ಯಾ ಬಾಳೆಹಣ್ಣು ಹಿಡಿದುಕೊಂಡು ಕೊಡೇರಿಗೆ ಬಂದಳು. ರತ್ನ ಅಡುಗೆಮನೆಯಿಂದಲೇ ಕೇಳಿದಳು.

"ನಿಮ್ಮ ಸಿನಿಮಾಕ್ಕೆ ನಮ್ಮವ್ರ್ ಕುರ್ಡ ಆಯ್ಕಾ?"

ಶರಣ್ಯಾಳ ಇಸ್ತ್ರಿ ಕನ್ನಡ ಅಲ್ಲಿಗೇ ಮುದುಡಿಹೋಯಿತು. "ಹಾಂಗಲ್ಲ ರತ್ನಕ್ಕ, ನಾ ಹೇಳುದ್ ಒಂಚೂರ್ ಕೇಣಿ," ಎನ್ನುತ್ತಾ ಅಡುಗೆಮನೆಯ ಹೊಸ್ತಿಲು ದಾಟಿದವಳು ಏನು ಹೇಳಬೇಕೆಂದಿದ್ದಳೋ ಅದನ್ನು ಮರೆತಳು. ಕಿಟಕಿಯ ಬೆಳಕು ಗೋಡೆಯ ಮೇಲೆ ಬಿದ್ದಿತ್ತು. ನಾಲ್ಕು ವರ್ಷದ ಒಲೆಯ ಹೊಗೆ ತಾಗಿ ನೇರಳೆ ಒಂದು ಕಡೆ ಬೂದಿಯಾಗಿ, ಒಂದು ಕಡೆ ಗುಲಾಬಿಯಾಗಿ, ಪಾತ್ರೆಗಳ ನೆರಳಿಗೂ ಬಣ್ಣ ಬಂದಿತ್ತು. ಶರಣ್ಯಾ ಕೈಯಿಂದ ಗೋಡೆ ಸವರಿದಳು.

"ಎರಡ್ ವರ್ಷದಿಂದ ನಾ ಹುಡ್ಕಿದ್ದ್ ಇದನ್ನೇ," ಎಂದಳು. "ಇದ್ರಲ್ಲ್ ಒಂದ್ ಚೂರ್ ಕೊಡ್ತ್ರಿಯಾ? ಅರಮನಿ ಗೋಡಿಯಲ್ಲ್ ಯಾವ ಬಣ್ಣ ಎಷ್ಟ್ ಅಂತ ಗೊತ್ತಾತಿಲ್ಲೆ, ಇದ್ರಲ್ಲ್ ಬೇರೆ ಬೇರೆ ಕಾಣತ್ತ್. ಈ ಮಾದರಿ ಇದ್ರೆ ಯಾರ್ ಬೇಕಾರೂ ಕಲ್ಸುಕಾತ್ತ್."

"ಗೋಡಿ ಪೂರಾ ತಕಂಡ್ ಹೋಯ್ನಿ," ಎಂದಳು ರತ್ನ. "ಅವ್ರ ಕಣ್ಣ್ ಬಿಡಿ."

ದೇವು ಕತ್ತಿಯ ತುದಿಯಿಂದ ಅಂಗೈಯಗಲದ ಗಾರೆ ಎಬ್ಬಿಸಿ ಕೊಟ್ಟ. ಶರಣ್ಯಾ ಅದನ್ನು ದೇವರ ಪ್ರಸಾದದ ಹಾಗೆ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಹೇಳಿದ ದಿನಕ್ಕೇ ಬಲಗಣ್ಣಿನ ಆಪರೇಷನ್ನೂ ಆಯಿತು. ಆ ಚೂರು ಮುಂದಿಟ್ಟುಕೊಂಡು ಉಳಿದ ಅರಮನೆಯ ಬಣ್ಣವೂ ಮುಗಿಯಿತು.

ಬಾಕಿ ಉಳಿದದ್ದು ದಡದ ಲೆಕ್ಕ. ಒಂದು ಬೆಳಿಗ್ಗೆ ಹೆಂಗಸರೆಲ್ಲ ಬುಟ್ಟಿ ಇಟ್ಟುಕೊಂಡು ದೋಣಿಗೆ ಕಾಯುತ್ತಿದ್ದಾಗ ದೇವು ಅವರ ನಡುವೆ ಹೋಗಿ ನಿಂತ. ಇದನ್ನು ಹೇಳಿದರೆ ಇನ್ನು ಯಾರೂ ದೋಣಿ ಕೊಡಲಿಕ್ಕಿಲ್ಲ ಎಂದು ಗೊತ್ತಿತ್ತು.

"ಕೇಣಿ ಎಲ್ಲರೂ. ನಮ್ಮನಿ ಅಡ್ಗಿಮನಿ ಬಣ್ಣ ರತ್ನ ಹೇಳಿ ಮಾಡ್ಸಿದ್ದಲ್ಲ. ನಂಗೆ ಕಣ್ಣ್ ಕಾಣ್ತಿರ್ಲಿಲ್ಲ. ನಾಕ್ ವರ್ಷ. ಬಿಳಿ ಅಂದ್ಕಂಡ್ ಹೊಡ್ದದ್ದ್ ನಾನ್. ಶೇಖರನ ದೋಣಿಗೂ ಹಾಂಗೇ."

ವನಜ ನಿಟ್ಟುಸಿರು ಬಿಟ್ಟಳು.

"ಗಂಡ ಅಂದ್ರೆ ಹೀಂಗಿರ್ಕ್ ಕಾಣಿ. ಹೆಂಡ್ತಿ ಮರ್ಯಾದಿ ಉಳ್ಸುಕೆ ತನ್ನ ಕಣ್ಣೇ ಇಲ್ಲೆ ಅಂತ್ರ್. ನಮ್ಮನೆಯವ್ರೂ ಇದ್ರ್, ದಂಡಕ್ಕೆ."

ಎಲ್ಲ ಹೆಂಗಸರೂ ಹೌದೆಂದರು. ದೇವು ಆಣೆ ಹಾಕಿದ, ಆಸ್ಪತ್ರೆಯ ಚೀಟಿ ತೋರಿಸಿದ, ಅಪ್ಸರೆಯ ಬೊಂಬೆಯನ್ನು ನೆನಪಿಸಿದ. ಅದೆಲ್ಲ ತಮಾಷೆಗೆ ಮಾಡಿದ್ದಿರಬೇಕು ಎಂದು ವನಜಳೇ ತೀರ್ಮಾನ ಕೊಟ್ಟಳು. ನಂಬಿದವನು ಶೇಖರ ಒಬ್ಬನೇ. ಅವನು ಒಂದು ಡಬ್ಬಿ ಬಿಳಿ ತಂದು ದೇವುವಿನ ಮುಂದಿಟ್ಟು, ಪಕ್ಕದಲ್ಲಿ ಕೂತು ನೋಡಿದ. ದೇವು ನೀಲಿ ತೆಗೆದುಕೊಂಡ, ಒಂದೇ ಚಿಟಿಕೆ. ಕಲಸಿದ ಬಿಳಿಯನ್ನು ಬಿಸಿಲಿಗೆ ಹಿಡಿದು ನೋಡಿ ಶೇಖರ ಎದ್ದ. "ಪಟ್ಟಿ ಎರಡೂ ಸಮ ಬರ್ಲಿ," ಎಂದಷ್ಟೇ ಹೇಳಿ ದೋಣಿಯನ್ನು ಅಲ್ಲೇ ಬಿಟ್ಟು ಹೋದ. ಗಂಗೊಳ್ಳಿಯವನ ಸುದ್ದಿ ಮತ್ತೆ ಬರಲಿಲ್ಲ.

ಸಿನಿಮಾ ಬರಲು ಮುಂದಿನ ವರ್ಷವಾಯಿತು. ಅದಕ್ಕೆ ಮುಂಚೆ ಶರಣ್ಯಾ ಫೋನ್ ಮಾಡಿ, ತೆರೆಯ ಮೇಲೆ ನಿಮ್ಮ ಹೆಸರು ಹೇಗೆ ಹಾಕಬೇಕು ಎಂದು ಕೇಳಿದಾಗ ದೇವು ಜಗಲಿಯಿಂದಿಳಿದು ತೆಂಗಿನ ಮರದ ಮರೆಗೆ ಹೋಗಿ ಮಾತಾಡಿದ. ಯಾವ ಬಣ್ಣಕ್ಕೆ ಊರು ರತ್ನಳನ್ನು ಕಂಡು ನಗಾಡಿತೋ ಅದೇ ಬಣ್ಣಕ್ಕೆ ಲೋಕ ಅವಳನ್ನು ಹೊಗಳಲಿ ಎಂದು ಅವನ ಆಸೆ. ಹೆಂಡತಿಗೆ ಇಷ್ಟು ದೊಡ್ಡ ಉಡುಗೊರೆಯನ್ನು ಕೊಡೇರಿಯಲ್ಲಿ ಯಾವ ಗಂಡನೂ ಕೊಟ್ಟಿರಲಿಕ್ಕಿಲ್ಲ ಎಂದು ಒಳಗೊಳಗೇ ಬೀಗಿದ.

ಕುಂದಾಪುರದಲ್ಲಿ ಮಧ್ಯಾಹ್ನದ ಆಟಕ್ಕೆ ದಡದವರೆಲ್ಲ ಒಟ್ಟಿಗೆ ಹೋದರು. ದ್ವೀಪ ಬಂತು. ನೇರಳೆ ಅರಮನೆ, ನವಿಲು ಬಣ್ಣದ ಬಾಗಿಲು, ಬಣ್ಣವಿರುವ ನೆರಳು. ಟಾಕೀಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಹೆಸರುಗಳು ಮೇಲೇರತೊಡಗಿದವು. ಜನ ಎದ್ದು ನಿಂತರೂ ದೇವು ರತ್ನಳ ಕೈ ಹಿಡಿದು ಕೂರಿಸಿದ. ಬಂತು, ಒಂದೇ ಸಾಲು, ದೊಡ್ಡ ಅಕ್ಷರದಲ್ಲಿ.

ಕನಸಿನ ಬಣ್ಣ: ರತ್ನ, ಕೊಡೇರಿ.

"ನಾ ಹೇಳ್ಲಿಲ್ಯಾ?" ಎಂದಳು ವನಜ, ಇಡೀ ಟಾಕೀಸಿಗೆ ಕೇಳುವ ಹಾಗೆ. "ಅದ್ ರತ್ನಕ್ಕನ ಬಣ್ಣವೇ. ಈ ದೇವಣ್ಣ ಬರೀ ಲೊಟ್ಟಿ ಬಿಡುದ್."

ರತ್ನ ತೆರೆಯ ಕಡೆ ನೋಡಲಿಲ್ಲ, ಗಂಡನ ಕಡೆ ತಿರುಗಿದಳು.

"ಹ್ವಾಯ್, ಇಷ್ಟ್ ದಿನ ಕೊಡೇರಿಯವ್ರ್ ಮಾತ್ರ ನಗಾಡ್ತಿದ್ರ್."

ಉಡುಗೊರೆ ಕೆಟ್ಟಿತು ಎಂದುಕೊಂಡು ದೇವು ಹಿಡಿದಿದ್ದ ಕೈ ಬಿಟ್ಟ. ಆದರೆ ಅವನಿಗೀಗ ಎರಡು ಒಳ್ಳೆಯ ಕಣ್ಣುಗಳಿದ್ದವು. ತೆರೆಯ ಬೆಳಕಿನಲ್ಲಿ ರತ್ನ ಸೆರಗನ್ನು ಬಾಯಿಗೆ ಒತ್ತಿ ಹಿಡಿದದ್ದು, ಅವಳ ಹೆಗಲು ನಗುವಿಗೆ ಕುಲುಕುತ್ತಿದ್ದದ್ದು ಅವನಿಗೆ ಚೆನ್ನಾಗಿ ಕಂಡಿತು.

"ನಾಳೆ ನೀವ್ ಅಡ್ಗಿಮನಿಗೆ ಬಿಳಿ ಹೊಡಿನಿ," ಎಂದಳು ಅವಳು, ನಗು ಹತೋಟಿಗೆ ಬಂದ ಮೇಲೆ. "ನೀಲಿ ನಾ ಹಾಕ್ತೆ."